ಹತ್ತೊಂಬತ್ತನೆಯ ಸೆಕೆಂಡು

ಹತ್ತೊಂಬತ್ತನೆಯ ಸೆಕೆಂಡಿಗೆ ಚಿತ್ರ ಒಡೆದುಹೋಯಿತು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು: ಸುಣ್ಣ ಬಳಿದ ಮನೆ, ನೀಲಿ ಕಿಟಕಿ, ಹೊಗೆಗೂಡಿನಿಂದ ಏಳುವ ತೆಳು ಹೊಗೆ, ಎಡಗಡೆಯಿಂದ ನುಗ್ಗಿ ಬರುವ ಬುಲ್ಡೋಜರಿನ ಮೂತಿ. ಆಮೇಲೆ ಪರದೆಯ ತುಂಬ ಹಸಿರು, ಗುಲಾಬಿ ಚೌಕಗಳು ಸುರಿದವು. ಆಮೇಲೆ ಬರೀ ಬೂದು. ಬೂದು ಬಣ್ಣ ನಾಲ್ಕು ನಿಮಿಷ ಓಡಿ ತಾನಾಗಿ ನಿಂತಿತು.

ಬುರುಲಾಯ್ ಲ್ಯಾಪ್‌ಟಾಪನ್ನೇ ಅನುಮಾನಿಸಿದಳು. ಮುಚ್ಚಿ ತೆರೆದಳು. ಮತ್ತೆ ಹತ್ತೊಂಬತ್ತು ಸೆಕೆಂಡು, ಮತ್ತೆ ಚೌಕಗಳು. ಎರಡನೆಯ ಡ್ರೈವ್ ಹಚ್ಚಿದಳು. ಅದರಲ್ಲೂ ಅದೇ ಜಾಗದಲ್ಲಿ, ಅದೇ ಚೌಕಗಳು. ನಿನ್ನೆ ಬಳಸಿದ ಕೇಬಲನ್ನು ತೆಗೆದು ಬುಡದಲ್ಲಿ ಮೆಲ್ಲಗೆ ಅಲ್ಲಾಡಿಸಿದಾಗ ಕಾರ್ಡ್ ಓದುವ ಪೆಟ್ಟಿಗೆಯ ಸಣ್ಣ ದೀಪ ಆರಿ ಹತ್ತಿತು. ಇನ್ನೊಮ್ಮೆ ಅಲ್ಲಾಡಿಸಿದಳು. ಆರಿತು, ಹತ್ತಿತು.

ಆರು ಸಿನಿಮಾಗಳಿಂದ ಇದೇ ಅವಳ ಕೆಲಸ. ಕ್ಯಾಮೆರಾದಿಂದ ಬಂದ ಕಾರ್ಡನ್ನು ಎರಡು ಡ್ರೈವಿಗೆ ಇಳಿಸುವುದು, ಇಳಿಸಿದ್ದನ್ನು ಮೂಲದ ಜೊತೆ ಅಕ್ಷರ ಅಕ್ಷರ ಹೋಲಿಸುವುದು, ಎಲ್ಲ ತಾಳೆಯಾದ ಮೇಲಷ್ಟೇ ಕಾರ್ಡನ್ನು ಖಾಲಿ ಮಾಡಿ ಹಿಂದಕ್ಕೆ ಕೊಡುವುದು. ನಿನ್ನೆ ಸಂಜೆ ಹೋಲಿಸುವುದೊಂದು ಬಾಕಿ ಇತ್ತು. ಇದ್ದದ್ದು ಎರಡೇ ಕಾರ್ಡು, ಅದರಲ್ಲೊಂದು ಧೂಳು ಹೊಕ್ಕು ಕೈಕೊಟ್ಟಿತ್ತು. ನಿರ್ದೇಶಕ ಕುಬಾನ್ ಗುಡ್ಡದ ಮೇಲಿಂದ ಓಡಿ ಬಂದು ಕೈ ಚಾಚಿದ್ದ. "ಇನ್ನು ನಲವತ್ತು ನಿಮಿಷ ಬೇಕು ಬಾಯ್ಕೆ, ಹೋಲಿಸಿ ಕೊಡ್ತೀನಿ" ಎಂದಿದ್ದಳು, ಅಣ್ಣನನ್ನು ಕರೆಯುವ ಹಾಗೆ. "ನಲವತ್ತು ನಿಮಿಷ ಸೂರ್ಯ ನಿನಗೋಸ್ಕರ ನಿಂತಿರ್ತಾನಾ? ಇಳಿಸಿದ್ದಾಯ್ತಲ್ಲ, ತಾ ಇಲ್ಲಿ" ಎಂದಿದ್ದ ಅವನು. ಅವಳು ಫೈಲನ್ನು ತೆರೆದು ಮೊದಲ ಐದಾರು ಸೆಕೆಂಡು ನೋಡಿದ್ದಳು. ಚೆನ್ನಾಗಿತ್ತು. ಕಾರ್ಡ್ ಖಾಲಿ ಮಾಡಿ ಕೊಟ್ಟುಬಿಟ್ಟಿದ್ದಳು. ಅದರ ಮೇಲೆ ಈಗ ಸಂಜೆ ಬಿಸಿಲಿನ ಬೆಟ್ಟಗಳು ತುಂಬಿಕೊಂಡಿದ್ದವು.

ಕುಬಾನ್ ಟೀ ಬಟ್ಟಲು ಹಿಡಿದು ಸಿಳ್ಳೆ ಹಾಕುತ್ತಲೇ ಒಳಗೆ ಬಂದ. ಬೋಜ್-ತೊರ್ ಊರಿನ ಮುಚ್ಚಿದ ಶಾಲೆಯಲ್ಲಿ ಚಿತ್ರತಂಡದ ಬಿಡಾರ. ಇದು ಒಂದು ಕಾಲದಲ್ಲಿ ಎರಡನೆಯ ತರಗತಿಯಾಗಿದ್ದ ಕೋಣೆ.

"ಹಾಕಮ್ಮ, ಮನೆ ಬೀಳೋದನ್ನ ಹಾಕು. ರಾತ್ರಿಯೆಲ್ಲ ಕನಸಲ್ಲಿ ಅದನ್ನೇ ನೋಡ್ತಿದ್ದೆ" ಎಂದು ಪುಟ್ಟ ಬೆಂಚಿನ ಮೇಲೆ ಕೂತ.

ಬುರುಲಾಯ್ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. ಬುಲ್ಡೋಜರಿನ ಮೂತಿ ಬಂದಾಗ ಅವನು ಮುಂದಕ್ಕೆ ಬಾಗಿದ. ಚೌಕಗಳು ಬಂದವು.

"ಮುಂದೆ ಓಡ್ಸು."

"ಮುಂದೆ ಇಲ್ಲ."

"ಬೆಳಬೆಳಗ್ಗೆ ಇಂಥ ತಮಾಷೆ ಬೇಡ ಕಣೇ."

"ಎರಡು ಡ್ರೈವಲ್ಲೂ ಇಷ್ಟೇ ಇದೆ ಬಾಯ್ಕೆ. ಕೇಬಲ್ ಸಡಿಲ ಇತ್ತು. ಇಳಿಯುವಾಗಲೇ ಕೆಟ್ಟಿದೆ."

ಅವನು ಬಟ್ಟಲನ್ನು ಮೇಜಿನ ಮೇಲೆ ಇಡಲು ಹೋದ. ಮೇಜು ಇನ್ನೂ ಒಂದು ಗೇಣು ಆಚೆಗಿತ್ತು. ಬಟ್ಟಲು ನೆಲಕ್ಕೆ ಬಿದ್ದು, ಹಾಲು ಬೆರೆತ ಟೀ ಹಲಗೆಗಳ ಸಂದಿನಲ್ಲಿ ಇಳಿಯಿತು. ಇಬ್ಬರೂ ಅದನ್ನೇ ನೋಡಿದರು. ಕುಬಾನ್ ಎದ್ದು ಹೊರಗೆ ಹೋದ, ಮತ್ತೆ ಒಳಗೆ ಬಂದ, ಮತ್ತೆ ಹೊರಗೆ ಹೋದ. ಊರಿನಲ್ಲಿ ಫೋನು ಹಿಡಿಯುವುದು ಹಳೇ ನೀರಿನ ತೊಟ್ಟಿಯ ಹತ್ತಿರ ಮಾತ್ರ. ಅಲ್ಲಿ ಅವನು ರಾಜಧಾನಿ ಬಿಷ್ಕೆಕ್‌ನ ಯಾರಿಗೋ ಫೋನು ಹಚ್ಚಿ, ಕಲ್ಪಾಕ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ಶತಪಥ ಹಾಕುವುದು ಕಿಟಕಿಯಿಂದ ಕಾಣುತ್ತಿತ್ತು.

"ಅದೇ ಕಾರ್ಡಿನ ಮೇಲೆ ಬೇರೆ ತೆಗೆದುಬಿಟ್ಟಿದ್ರೆ ಅಳಿಸಿದ್ದನ್ನ ವಾಪಸ್ಸು ತರೋಕೆ ದೇವರೇ ಬಂದ್ರೂ ಆಗಲ್ಲ ಅಂತಾನೆ" ಎಂದ, ಬಂದವನೇ. "ಬೇಡ ಅನ್ನಬೇಕಿತ್ತು ನೀನು. ನಾನು ಹತ್ತು ಹೇಳ್ತೀನಿ. ನಿನ್ನ ಕೆಲಸ ನಿನಗೆ ಗೊತ್ತಿರಬೇಕಿತ್ತು."

ಬೇಡ ಅನ್ನಬೇಕಿತ್ತು, ನಿಜ.

"ಈ ವಿಷಯ ಈ ಕೋಣೆ ದಾಟಬಾರದು" ಎಂದ ಕುಬಾನ್. "ಆ ಮುದುಕನ ಕಿವಿಗಂತೂ ಬೀಳಲೇಬಾರದು."

ಆ ಮುದುಕ ಶಾರ್ಶೆನ್. ಮೂವತ್ತನಾಲ್ಕು ವರ್ಷ ಬೋಜ್-ತೊರ್‌ನ ಗಣಿಯಲ್ಲಿ ಬುಲ್ಡೋಜರ್ ಓಡಿಸಿದವನು. ಗಣಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಈಗ ಮೇಲಿನ ಗುಡ್ಡ ಬಿರುಕು ಬಿಟ್ಟು, ಉಳಿದ ಮನೆಗಳಿಗೆಲ್ಲ ಕೆಳಗಿನ ಕಣಿವೆಯಲ್ಲಿ ಸರ್ಕಾರದವರು ಜಾಗ ಕೊಟ್ಟಿದ್ದರು. ಹೋಗುವವರು ಬಾಗಿಲು, ಕಿಟಕಿ, ತೊಲೆಗಳನ್ನು ಕಿತ್ತು ಲಾರಿಗೆ ಹೇರಿಕೊಂಡು ಹೋಗುತ್ತಿದ್ದರು. ಗಣಿ ಮುಚ್ಚಿದ ಕಾಲದ ಕಥೆ ತೆಗೆಯಲು ಬಂದ ಕುಬಾನ್‌ಗೆ, ಜನ ವಾಸವಿದ್ದ ಹಾಗೇ ಇರುವ ಒಂದು ಮನೆ ಕ್ಯಾಮೆರಾದ ಎದುರು ಬೀಳಬೇಕಿತ್ತು. ಊರಲ್ಲೆಲ್ಲ ಕೇಳಿದ. ಶಾರ್ಶೆನ್ ಎರಡು ದಿನ ಯೋಚಿಸಿ ಒಪ್ಪಿದ. ಅವನ ಹೆಂಡತಿ ಸೈರಾ ತೀರಿಕೊಂಡು ಆರು ವರ್ಷವಾಗಿತ್ತು. ಆ ನೀಲಿ ಕಿಟಕಿಗೆ ಬಣ್ಣ ಹಚ್ಚಿದವಳು ಅವಳೇ. ಅದನ್ನೂ ಕೀಳದೆ ಬಿಟ್ಟುಕೊಟ್ಟ. ಅವನದು ಎರಡೇ ಕರಾರು. ಬುಲ್ಡೋಜರ್ ಓಡಿಸುವವನು ತಾನೇ ಆಗಬೇಕು. ತೆಗೆದದ್ದನ್ನು ತನಗೆ ತೋರಿಸಬೇಕು.

"ಒಳಗೆ ಕೂತವನಿಗೆ ಏನು ಕಾಣುತ್ತೆ? ಮುಂದಿನ ತಗಡು, ಧೂಳು" ಎಂದಿದ್ದ. "ನೀವು ಹೊರಗಿಂದ ತೆಗೀರಿ. ಅದು ಹೇಗೆ ಹೋಯ್ತು ಅಂತ ನಾನು ಆಮೇಲೆ ನೋಡ್ತೀನಿ."

ನಿನ್ನೆ ಊರಿನವರೆಲ್ಲ ಹಳೇ ಕೋಟು, ಹಳೇ ಶಾಲು ಹೊದ್ದು ಬೀದಿಯಲ್ಲಿ ನಿಂತು ಪಾತ್ರ ಮಾಡಿದ್ದರು. ಯಾರ ಕೈಯಲ್ಲೂ ಫೋನು ಕಾಣಬಾರದೆಂದು ಎಲ್ಲರದನ್ನೂ ಒಂದು ಗೋಣಿಚೀಲದಲ್ಲಿ ಹಾಕಿ ಶಾಲೆಯಲ್ಲಿ ಇಟ್ಟಿದ್ದರು. ಚೀಲದ ಬಾಯಿ ಕಟ್ಟಿದವಳು ಬುರುಲಾಯ್. ಇಡೀ ಊರಿನಲ್ಲಿ ಮನೆ ಬೀಳುವುದನ್ನು ಹಿಡಿದಿಟ್ಟದ್ದು ಒಂದೇ ಕ್ಯಾಮೆರಾ.

ಆ ಬೆಳಗ್ಗೆ ಕುಬಾನ್, ಬುರುಲಾಯ್ ಹೋದಾಗ ಶಾರ್ಶೆನ್ ತನ್ನ ಮನೆಯ ಅವಶೇಷಗಳ ನಡುವೆ ಕೂತು, ಮುರಿದ ತೊಲೆಯಿಂದ ಮೊಳೆ ಕೀಳುತ್ತಿದ್ದ. ಕಿತ್ತದ್ದನ್ನು ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿ ಡಬ್ಬಿಗೆ ಹಾಕುತ್ತಿದ್ದ. ಪಕ್ಕದ ಮನೆಯ ಜಿಪಾರ್ ಬೇಲಿಗೆ ಒರಗಿ ನಿಂತಿದ್ದಳು. ಅರವತ್ತು ದಾಟಿದ ಹೆಂಗಸು, ಇದೇ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು.

"ಬಂದ್ರು ನೋಡಿ ಬಾಯ್ಕೆ, ನಿಮ್ಮನ್ನ ಸ್ಟಾರ್ ಮಾಡಿದವರು" ಎಂದಳು ಶಾರ್ಶೆನ್‌ಗೆ. "ಇನ್ಮೇಲೆ ನಮ್ಮನ್ನೆಲ್ಲ ಮಾತಾಡಿಸ್ತಾರೋ ಇಲ್ವೋ."

ಮುದುಕ ನಕ್ಕು ತಲೆಯೆತ್ತಿದ. "ನೋಡಿದ್ರಾ? ಹೇಗೆ ಬಂದಿದೆ?"

"ಚಿನ್ನದ ಹಾಗೆ ಬಂದಿದೆ ಅತಾ" ಎಂದ ಕುಬಾನ್, ತಂದೆಯನ್ನು ಕರೆಯುವ ಗೌರವದಲ್ಲಿ. ಅವನ ದನಿ ಒಂದಿಷ್ಟೂ ಅಲುಗಲಿಲ್ಲ.

"ನೀನೂ ನೋಡಿದೆಯಾ ಮಗಳೇ?"

"ನೋಡಿದೆ" ಎಂದಳು.

"ಇನ್ನೊಂದು ಕೋನದಿಂದ ಒಂದ್ಸಲ ಬೇಕಾಗಿದೆ" ಎಂದ ಕುಬಾನ್.

ಜಿಪಾರ್ ನಗತೊಡಗಿದಳು. "ಮನೆಯೇ ಇಲ್ಲ. ಇನ್ನೊಂದ್ಸಲ ಏನನ್ನ ಕೆಡವ್ತೀಯಪ್ಪ, ಇವರ ಟೋಪಿನಾ?"

"ನಿಮ್ಮದೂ ಅದೇ ಅಚ್ಚಿನ ಮನೆ, ಅಕ್ಕ. ಗಣಿಯವರು ಒಟ್ಟಿಗೇ ಕಟ್ಟಿದ್ದು. ಕಿಟಕಿಗೆ ನೀಲಿ ಬಣ್ಣ ಬಳಿದ್ರೆ ಯಾರಿಗೂ ಗೊತ್ತಾಗಲ್ಲ."

ಜಿಪಾರ್‌ಳ ನಗು ಅಲ್ಲೇ ನಿಂತಿತು. ಅವಳು ತಿರುಗಿ ತನ್ನ ಮನೆಯನ್ನು ನೋಡಿದಳು, ಆಮೇಲೆ ಶಾರ್ಶೆನ್‌ನ ಕಡೆ. "ನೀವು ಏನಂತೀರಿ?"

ಮುದುಕ ಒಂದು ಮೊಳೆಯನ್ನು ಬಡಿದು ಮುಗಿಸಿದ. "ಇವನಿಗೆ ಬೇಕೇ ಬೇಕು ಅಂದ್ರೆ ಓಡಿಸ್ತೀನಿ. ನನ್ನದರ ಜೊತೆಗೆ ನಿನ್ನದೂ ಅದರಲ್ಲಿ ಉಳೀಲಿ."

"ಹೇಗೂ ಹತ್ತು ದಿನದಲ್ಲಿ ಬಿಟ್ಟು ಹೋಗೋದೇ" ಎಂದಳು ಜಿಪಾರ್, ತನಗೆ ತಾನೇ ಹೇಳಿಕೊಂಡ ಹಾಗೆ. "ಬಿದ್ರೆ ನಿಮ್ಮ ಕೈಲೇ ಬೀಳ್ಲಿ. ಮಧ್ಯಾಹ್ನದ ಹೊತ್ತಿಗೆ ಸಾಮಾನು ಆಚೆ ಹಾಕ್ತೀನಿ."

ವಾಪಸ್ಸು ಬರುವ ದಾರಿಯಲ್ಲಿ ಕುಬಾನ್ ಒಮ್ಮೆಯೂ ಅವಳ ಮುಖ ನೋಡಲಿಲ್ಲ. "ಸಿನಿಮಾ ಉಳೀತು" ಎಂದಷ್ಟೇ ಹೇಳಿದ.

ಮಧ್ಯಾಹ್ನ ಜಿಪಾರ್‌ಳ ಅಂಗಳ ಸಂತೆಯಂತಾಗಿತ್ತು. ಕಂಬಳಿಯ ನೆಲಹಾಸುಗಳು ಸುರುಳಿ ಸುತ್ತಿ ಬಿದ್ದಿದ್ದವು. ಹಾಸಿಗೆಗಳ ಗುಡ್ಡೆ, ಕನ್ನಡಿಯ ಬೀರು, ಹೊಲಿಗೆ ಯಂತ್ರ, ಟೀ ಕಾಯಿಸುವ ಸಮೋವರ್, ಗಣಿತದ ಪುಸ್ತಕಗಳ ನಾಲ್ಕು ಪೆಟ್ಟಿಗೆ, ಎಲ್ಲ ಆಕಾಶದ ಕೆಳಗೆ ನಾಚಿಕೊಂಡು ನಿಂತಿದ್ದವು. ಇಬ್ಬರು ಹುಡುಗಿಯರು ಅವಳ ಹಸಿರು ಕಿಟಕಿಗೆ ನೀಲಿ ಬಣ್ಣ ಬಳಿಯುತ್ತಿದ್ದರು. ಊರಿನವರು ಮತ್ತೆ ಹಳೇ ಕೋಟು ತೊಟ್ಟು ಬಂದು ಬೀದಿಯಲ್ಲಿ ನಿಂತರು. ಜಿಪಾರ್ ಖಾಲಿ ಮನೆಯೊಳಗೆ ಒಬ್ಬಳೇ ಹೋದಳು. ನೆಲ ಗುಡಿಸುವ ಸದ್ದು ಹೊರಗೆ ಕೇಳಿಸಿತು. ಇನ್ನು ಅರ್ಧ ಗಂಟೆಯಲ್ಲಿ ಬೀಳುವ ಮನೆಯ ನೆಲವನ್ನು ಅವಳು ಮೂಲೆ ಮೂಲೆ ಬಿಡದೆ ಗುಡಿಸುತ್ತಿದ್ದಳು.

ಆ ಸದ್ದನ್ನು ಬುರುಲಾಯ್ ಬಹಳ ಹೊತ್ತು ಕೇಳಲಾರದೆ ಹೋದಳು. ಬೀದಿಯ ತುದಿಯಲ್ಲಿ ಬುಲ್ಡೋಜರ್ ಗುಡುಗಿ ಕಪ್ಪು ಹೊಗೆ ಉಗುಳಿತು. ಅವಳ ಕಾಲು ತಾನಾಗಿಯೇ ಆ ಕಡೆ ಓಡಿತು. ಹಿಂದಿನಿಂದ ಕುಬಾನ್ ಅವಳ ಹೆಸರು ಕೂಗಿದ. ಅವಳು ಯಂತ್ರದ ಚೈನಿನ ಪಟ್ಟಿ ಹತ್ತಿ, ಒಳಗೆ ಕೂತ ಮುದುಕನ ತೋಳು ಹಿಡಿದಳು.

"ಏನೂ ಬಂದಿಲ್ಲ ಅತಾ!"

"ಆಂ?" ಅವನು ಕಿವಿಗೆ ಕೈಯಿಟ್ಟ. ಎಂಜಿನ್ ಅಬ್ಬರಿಸುತ್ತಿತ್ತು.

"ನಿಮ್ಮ ಮನೇದು! ಅವರು ಹೇಳಿದ್ದು ಸುಳ್ಳು!"

"ಏನ್ ಹೇಳ್ತೀಯೋ ಕೇಳಿಸ್ತಿಲ್ಲ ಕಣಮ್ಮ!"

ಅವಳು ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕಿರುಚಿದಳು. ಅದೇ ಹೊತ್ತಿಗೆ ಅವನು ಕೈ ನೀಡಿ ಎಂಜಿನ್ ಆರಿಸಿದ.

"ಮನೆ ಬಿದ್ದದ್ದು ಉಳಿದಿಲ್ಲ! ಎಲ್ಲ ಅಳಿಸಿಹೋಗಿದೆ!"

ಆ ಮಾತು ನಿಶ್ಶಬ್ದದಲ್ಲಿ ಇಡೀ ಬೀದಿಗೆ ಕೇಳಿಸಿತು. ಬಣ್ಣ ಬಳಿಯುತ್ತಿದ್ದ ಹುಡುಗಿಯರು ಬ್ರಷ್ ಹಿಡಿದೇ ತಿರುಗಿದರು. ಪೊರಕೆಯ ಸದ್ದು ನಿಂತಿತು. ಎಲ್ಲೋ ಒಂದು ನಾಯಿ ಎರಡು ಸಲ ಬೊಗಳಿ ಸುಮ್ಮನಾಯಿತು.

ಶಾರ್ಶೆನ್ ಎರಡು ಕೈಗಳನ್ನೂ ಮೊಣಕಾಲ ಮೇಲಿಟ್ಟುಕೊಂಡು ಎದುರಿನ ತಗಡನ್ನೇ ನೋಡುತ್ತ ಕೂತಿದ್ದ. ಅವನಿಗೆ ಅರ್ಥವಾಯಿತೋ ಇಲ್ಲವೋ ಎಂದು ಬುರುಲಾಯ್‌ಗೆ ತಿಳಿಯಲಿಲ್ಲ. ಕೇಬಲ್, ಕಾರ್ಡು, ಡ್ರೈವು ಎಂದು ಬಿಡಿಬಿಡಿಯಾಗಿ ಹೇಳಲು ಹೊರಟಳು. ಅವನು ಕೈಯೆತ್ತಿ ತಡೆದ.

"ಒಂಚೂರೂ ಇಲ್ವಾ?"

"ಹತ್ತೊಂಬತ್ತು ಸೆಕೆಂಡ್ ಇದೆ. ಬೀಳೋಕೆ ಮುಂಚೆಯದು."

"ತೋರ್ಸು."

ಅಂಗಳದ ಮೇಜಿನ ಮೇಲೆ ಸಮೋವರ್ ಸರಿಸಿ ಲ್ಯಾಪ್‌ಟಾಪ್ ಇಟ್ಟಳು. ಬಿಸಿಲು ಬೀಳದಂತೆ ಜಿಪಾರ್ ತನ್ನ ಶಾಲನ್ನು ಮೇಲೆ ಹಿಡಿದಳು. ಮುದುಕ ಹಾಸಿಗೆಗಳ ಗುಡ್ಡೆಯ ಮೇಲೆ ಕೂತು ನೋಡಿದ. ಮನೆ, ಕಿಟಕಿ, ಹೊಗೆ, ಮೂತಿ. ಚೌಕಗಳು.

"ಇನ್ನೊಂದ್ಸಲ."

ಮತ್ತೆ ನೋಡಿದ. ಮತ್ತೊಮ್ಮೆ ಹಾಕಿಸಿದ. ನಾಲ್ಕನೆಯ ಸಲ ಚೌಕಗಳು ಬರುವ ಮೊದಲೇ ಪರದೆಗೆ ಅಂಗೈ ಅಡ್ಡ ಹಿಡಿದ. ಕೈಯ ಚರ್ಮ ಒರಟಾಗಿ, ಬೆರಳ ಗೆಣ್ಣುಗಳಲ್ಲಿ ಇನ್ನೂ ನಿನ್ನೆಯ ಸುಣ್ಣದ ಪುಡಿ ಇತ್ತು.

ಕುಬಾನ್ ಬಂದು ಎದುರಿಗೆ ನಿಂತ. ಶಾರ್ಶೆನ್ ಎದ್ದು ಅವನ ಕೋಟಿನ ಕೊರಳಪಟ್ಟಿ ಹಿಡಿದ. ಎತ್ತರದಲ್ಲಿ ಅವನಿಗಿಂತ ಗೇಣು ಗಿಡ್ಡ. ಆದರೂ ಕುಬಾನ್ ತುದಿಗಾಲಲ್ಲಿ ನಿಲ್ಲುವಂತಾಯಿತು.

"ಬೆಳಗ್ಗೆ ಚಿನ್ನ ಅಂದೆಯಲ್ಲೋ. ಈ ಬಾಯಲ್ಲೇ ಅಂದೆಯಲ್ಲೋ."

"ಅಂದೆ ಅತಾ."

"ಇವಳ ಮನೆಯನ್ನೂ ನನ್ನ ಕೈಲೇ ಕೆಡವಿಸ್ತಿದ್ದೆ. ಹೇಳ್ದೆ ಕೇಳ್ದೆ."

"ಹೌದು." ಕುಬಾನ್ ಬಿಡಿಸಿಕೊಳ್ಳಲು ನೋಡಲಿಲ್ಲ. "ಬುರುಲಾಯ್‌ದು ತಪ್ಪಿಲ್ಲ. ಅವಳು ಹೋಲಿಸಿ ಕೊಡ್ತೀನಿ ಅಂದ್ಲು. ಬೇಡ ಅಂತ ಕಿತ್ಕೊಂಡು ಹೋದವನು ನಾನು."

ಹೊಡೆಯುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಮುದುಕ ಕೊರಳಪಟ್ಟಿ ಬಿಟ್ಟು, ಯಾಕೋ ಅದನ್ನು ಸರಿಮಾಡಿ, ಮತ್ತೆ ಹಾಸಿಗೆಗಳ ಮೇಲೆ ಕುಸಿದ.

"ನಾನು ಕಣ್ಣು ಮುಚ್ಕೊಂಡಿದ್ದೆ" ಎಂದ.

ಯಾರಿಗೂ ತಿಳಿಯಲಿಲ್ಲ.

"ಗೋಡೆಗೆ ತಾಗೋ ಹೊತ್ತಿಗೆ ಕಣ್ಣು ಮುಚ್ಕೊಂಡೆ. ಮೂವತ್ತನಾಲ್ಕು ವರ್ಷದಲ್ಲಿ ಯಂತ್ರದ ಮೇಲೆ ಕೂತು ಒಂದು ದಿನ ಕಣ್ಣು ಮುಚ್ಚಿದವನಲ್ಲ. ನಿನ್ನೆ ಮುಚ್ಚಿದೆ. ಆ ಕ್ಯಾಮೆರಾ ನೋಡ್ಕೊಳ್ಳುತ್ತೆ ಅಂತ." ಅವನು ಬುರುಲಾಯ್‌ಳನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಜಾತ್ರೆಯಲ್ಲಿ ಕೈ ತಪ್ಪಿಸಿಕೊಂಡ ಮಗುವಿನ ಗಾಬರಿ ಇತ್ತು. "ಅಂದ್ರೆ ಅದನ್ನ ಯಾರೂ ನೋಡಿಲ್ಲ."

ಬುರುಲಾಯ್‌ಗೆ ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು. ಅವಳು ಮುಖ ತಿರುಗಿಸಿಕೊಂಡಳು.

"ಯಾಕೆ ನೋಡಿಲ್ಲ?" ಎಂದಳು ಜಿಪಾರ್. ಶಾಲನ್ನು ಹೆಗಲಿಗೆ ಹಾಕಿಕೊಂಡು ಅವನ ಪಕ್ಕದಲ್ಲೇ ಕೂತಳು. "ನಾವೆಲ್ಲ ಬೀದಿಯಲ್ಲಿ ಕುರಿ ಮೇಯಿಸ್ತಿದ್ವಾ? ನಾನು ನೋಡಿದೆ."

"ಏನು ನೋಡಿದೆ?"

"ಮೊದಲು ಕಿಟಕಿ ಹೋಯ್ತು. ಗಾಜು ಒಡೀಲಿಲ್ಲ. ಚೌಕಟ್ಟಿನ ಸಮೇತ ಒಳಗೆ ಹೋಯ್ತು, ಯಾರೋ ಒಳಗಿಂದ ಎಳ್ಕೊಂಡ ಹಾಗೆ."

"ಒಡೀಲಿಲ್ವಾ?"

"ಆಗ ಒಡೀಲಿಲ್ಲ. ಆಮೇಲೆ ಬೀದಿ ಕಡೆ ಗೋಡೆ. ಅದು ಬಗ್ಗಿತು, ನಿಂತಿತು. ಬೀಳಲ್ವೇನೋ ಅಂತ ನಾನು ಉಸಿರು ಹಿಡಿದಿದ್ದೆ. ಸೂರು ಮಾತ್ರ ಮೆಲ್ಲಗೆ ಕೂತ್ಕೊಳ್ತು. ಮುದಿ ಹಸು ಕೂರುತ್ತಲ್ಲ, ಮುಂಗಾಲು ಮಡಿಸಿ, ಹಾಗೆ."

"ಹೊಗೆಗೂಡು ಬೀಳಲೇ ಇಲ್ಲ" ಎಂದಳು ಬೇಲಿಯ ಆಚೆಯಿಂದ ಒಬ್ಬ ಹೆಂಗಸು. "ಎಲ್ಲ ಹೋದ ಮೇಲೂ ನಿಂತಿತ್ತು."

"ಹೊಗೆ ಬರ್ತಾನೇ ಇತ್ತು" ಎಂದ ಅವಳ ಗಂಡ.

"ನಿನಗೆ ಕಾಣುತ್ತಾ? ಅದು ಧೂಳು."

"ಧೂಳಿಗೂ ಹೊಗೆಗೂ ವ್ಯತ್ಯಾಸ ಗೊತ್ತಿಲ್ವೇನೇ ನನಗೆ? ಹೊಗೆ ನೆಟ್ಟಗೆ ಹೋಗ್ತಿತ್ತು, ಧೂಳು ನದಿ ಕಡೆ."

ಒಬ್ಬೊಬ್ಬರಾಗಿ ಅಂಗಳದೊಳಗೆ ಬಂದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದಿದರು. ಶಾರ್ಶೆನ್ ಮೊದಮೊದಲು ಬರೀ ಕೇಳಿಸಿಕೊಂಡ. ಆಮೇಲೆ ತಾನೇ ಕೇಳತೊಡಗಿದ. ತೊಲೆ ಯಾವ ಕಡೆ ಉರುಳಿತು? ಹೊಸ್ತಿಲು ಕಾಣಿಸಿತಾ? ಒಳಗಿನ ಗೋಡೆ?

"ಕಾಣಿಸ್ತು. ಮಲಗೋ ಕೋಣೆದು" ಎಂದಳು ಜಿಪಾರ್. "ಒಂದು ಗಳಿಗೆ ಅದೊಂದೇ ನಿಂತಿತ್ತು. ಹಳದಿ ಬಣ್ಣದ್ದು."

"ಹಳದಿ ಎಲ್ಲಿ ಬಂತು? ಅದು ಗುಲಾಬಿ. ಸೈರಾ ಸುಣ್ಣಕ್ಕೆ ಬೆರೆಸಿ ಬಳಿದದ್ದು."

"ನಾನು ನೋಡಿದ್ದು ಹಳದಿ."

"ಇಪ್ಪತ್ತು ವರ್ಷ ಅದರೊಳಗೆ ಮಲಗಿದವನು ನಾನೋ ನೀನೋ?"

"ಬಿಸಿಲು ಬಿದ್ದಿತ್ತು ಬಾಯ್ಕೆ. ಅದರ ಮೇಲೆ ಯಾವತ್ತಾದ್ರೂ ಬಿಸಿಲು ಬಿದ್ದದ್ದು ನೋಡಿದೀರಾ ನೀವು?"

ಮುದುಕ ಬೇಲಿಯಾಚೆ ತನ್ನ ಮನೆಯಿದ್ದ ಕಡೆ ತಿರುಗಿ ನೋಡಿದ.

ಬೇಲಿಯ ಹತ್ತಿರ ಕ್ಯಾಮೆರಾದವನು ಸದ್ದಿಲ್ಲದೆ ಕ್ಯಾಮೆರಾವನ್ನು ಹೆಗಲಿಗೇರಿಸಿ ಕುಬಾನ್‌ನ ಕಡೆ ಹುಬ್ಬು ಹಾರಿಸಿದ. ಕುಬಾನ್ ಒಂದು ಗಳಿಗೆ ಆ ಗುಂಪನ್ನು, ಹಾಸಿಗೆಗಳ ಮೇಲೆ ಕೂತ ಇಬ್ಬರನ್ನು ನೋಡಿದ. ಆಮೇಲೆ ಇಲ್ಲವೆಂದು ತಲೆಯಾಡಿಸಿದ. ಕ್ಯಾಮೆರಾ ಕೆಳಗಿಳಿಯಿತು.

ಹೊತ್ತು ವಾಲುತ್ತ ಬಂತು. ಬೆಟ್ಟದ ನೆರಳು ಅಂಗಳದ ತುದಿಗೆ ಮುಟ್ಟಿ, ಗಾಳಿ ತಣ್ಣಗಾಯಿತು. ಯಾರೂ ಏನೂ ತೀರ್ಮಾನಿಸಲಿಲ್ಲ. ಜಿಪಾರ್ ಮಾತ್ರ ಎದ್ದು, ಸಮೋವರನ್ನು ಎರಡು ಕೈಯಲ್ಲಿ ಎತ್ತಿಕೊಂಡು ಒಳಗೆ ನಡೆದಳು. ಬೇಲಿಯ ಹೆಂಗಸು ದಿಂಬುಗಳನ್ನು ಕಂಕುಳಲ್ಲಿ ಇರುಕಿಕೊಂಡು ಹಿಂಬಾಲಿಸಿದಳು. ಅವಳ ಗಂಡ ಪುಸ್ತಕದ ಪೆಟ್ಟಿಗೆಗೆ ಕೈ ಹಾಕಿ, "ಇದರಲ್ಲಿ ಕಲ್ಲು ತುಂಬಿದ್ದಾರಾ ಮೇಡಂ?" ಎಂದು ನರಳಿದ.

ಬುರುಲಾಯ್ ಕಂಬಳಿಯ ಸುರುಳಿಯ ಒಂದು ತುದಿ ಎತ್ತಿದಳು. ಭಾರ ತಡೆಯಲಾಗಲಿಲ್ಲ. ಇನ್ನೊಂದು ತುದಿ ಮೇಲೆದ್ದಿತು. ಹಿಡಿದವನು ಕುಬಾನ್. ಇಬ್ಬರೂ ಬಾಗಿಲ ಕಡೆ ಸಾಗಿದರು. ಅವನು ಹಿಂದು ಹಿಂದಾಗಿ ಮೆಟ್ಟಿಲು ಹತ್ತುತ್ತಿದ್ದ.

"ತಲೆ ತಗ್ಸೋ" ಎಂದು ಕೂಗಿದ ಶಾರ್ಶೆನ್, ಕೂತಲ್ಲಿಂದಲೇ. "ಬಾಗಿಲು ಗಿಡ್ಡ. ಇನ್ನೂ ತಗ್ಸು."

ಕುಬಾನ್ ತಲೆ ತಗ್ಗಿಸಿ ಒಳಗೆ ಹೋದ.